ಆರನೇ ಫ್ರೆಟ್‌ನ ಕರಿ ಒಂದು ಕೊನೆಗೂ ಮಾತಾಡಿತು

ನನ್ನ ಬೇಸ್ ಗಿಟಾರ್‌ನ ಜಿ ತಂತಿ, ಆರನೇ ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ), ಸಿ ಶಾರ್ಪ್. ನಮ್ಮ ಕಡೆ ಹಾಡುವವರ ಲೆಕ್ಕದಲ್ಲಿ ಕರಿ ಒಂದು, ಅಂದ್ರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ. ನನ್ನ ಅಗ್ಗದ ಬೇಸ್‌ನಲ್ಲಿ ಈ ಒಂದು ಸ್ವರಕ್ಕೆ ಮಾತ್ರ ಜೀವವೇ ಇರಲಿಲ್ಲ. ಈಗ ಬಂದಿದೆ. ಮೀಟಿದರೆ ಗುಂಯ್ ಅನ್ನುತ್ತದೆ, ನಿಲ್ಲುತ್ತದೆ, ನಿಧಾನಕ್ಕೆ ಇಳಿಯುತ್ತದೆ. ಖುಷಿ ತಡೆಯೋಕೆ ಆಗ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮುಂಚಿನ ಕೆಲಸಗಳ ಬಗ್ಗೆ ಜಾಸ್ತಿ ಹೇಳಲ್ಲ. ಫ್ರೆಟ್‌ಗಳನ್ನು ಒಂದೇ ಮಟ್ಟಕ್ಕೆ ಉಜ್ಜಿ ಮತ್ತೆ ದುಂಡಗೆ ಮಾಡುವುದು, ನೆಕ್ (ತಂತಿಗಳ ಕೆಳಗಿನ ಉದ್ದ ಮರದ ಭಾಗ) ಒಳಗಿನ ಟ್ರಸ್ ರಾಡ್ ಎಂಬ ಕಂಬಿ ತಿರುಗಿಸಿ ಬಾಗು ಸರಿಪಡಿಸುವುದು, ಪ್ರತಿ ಫ್ರೆಟ್‌ನಲ್ಲೂ ಶ್ರುತಿ ಸರಿ ಬರುವಂತೆ ಮಾಡುವುದು, ಇವೆಲ್ಲ ಮುಗಿದಿದ್ದವು. ಕಲಬುರಗಿಯ ಮೇ ತಿಂಗಳ ಒಣ ಬಿಸಿಲಿಗೆ ಫ್ರೆಟ್ ಕೂರುವ ಫಿಂಗರ್‌ಬೋರ್ಡ್ ಮರ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಬಂದಿದ್ದವು. ಕೈ ಜಾರಿಸಿದರೆ ಗೀರುತ್ತಿದ್ದವು. ಸಣ್ಣ ಫೈಲ್ ಹಿಡಿದು ಒಂದೊಂದನ್ನೂ ದುಂಡಗೆ ಮಾಡಿದ್ದಾಯಿತು. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಅಯಸ್ಕಾಂತದ ಭಾಗ) ಕೂರುವ ಕುಳಿಗಳಿಗೆ ತಾಮ್ರದ ಟೇಪ್ ಅಂಟಿಸಿ, ಅಂದ್ರೆ ಶೀಲ್ಡಿಂಗ್ ಮಾಡಿ, ಹಮ್ ಎಂಬ ಕರೆಂಟಿನ ಸದ್ದು ಇಳಿಸಿದ್ದೂ ಆಯಿತು.

ನಟ್, ಅಂದ್ರೆ ನೆಕ್ ತುದಿಯಲ್ಲಿ ತಂತಿಗಳು ಕೂರುವ ಸೀಳುಗಳ ಪಟ್ಟಿ, ಅದನ್ನು ಬದಲಾಯಿಸುವಾಗ ಮಾತ್ರ ಸಿಟ್ಟು ಬಂತು. ಮೂಳೆಯ ನಟ್ ಅಂತ ದುಡ್ಡು ತಗೊಂಡು ಆನ್‌ಲೈನ್ ಅಂಗಡಿಯವರು ಕಳಿಸಿದ್ದು ಪ್ಲಾಸ್ಟಿಕ್. ಮೂಳೆಗೆ ಫೈಲ್ ಹಾಕಿದರೆ ಸುಟ್ಟ ಕೂದಲಿನ ವಾಸನೆ ಬರುತ್ತದೆ, ಬಿಳಿ ಪುಡಿ ಉದುರುತ್ತದೆ. ಇದರಲ್ಲಿ ವಾಸನೆ ಇಲ್ಲ, ಪುಡಿ ಸುರುಳಿ ಸುರುಳಿಯಾಗಿ ಫೈಲಿಗೇ ಅಂಟಿಕೊಂಡಿತು. ವಾಪಸ್ ಕಳಿಸೋಣ ಅಂದ್ರೆ ಫೈಲ್ ಹಾಕಿದ ಮಾಲು ತಗೊಳ್ಳಲ್ಲವಂತೆ. ಫೈಲ್ ಹಾಕದೆ ಗೊತ್ತಾಗೋದು ಹೇಗೆ ಸ್ವಾಮಿ? ಇನ್ನೊಬ್ಬರು ಪಾಟ್ (ಸದ್ದು, ಟೋನ್ ಹೆಚ್ಚುಕಡಿಮೆ ಮಾಡಲು ತಿರುಗಿಸುವ ಭಾಗ) ಕಳಿಸಿದರು, ಅದರ ಮೇಲೆ ನಾಬ್ ಕೂರಲಿಲ್ಲ. ಒಂದು 6 ಮಿಮೀ ಲೆಕ್ಕದ್ದು, ಇನ್ನೊಂದು ಕಾಲು ಇಂಚಿನ ಲೆಕ್ಕದ್ದು. ಎರಡನ್ನೂ ಒಂದೇ ಪುಟದಲ್ಲಿ ಮಾರುವವರು ಅದನ್ನೊಂದು ಸಾಲಿನಲ್ಲಿ ಬರೆದರೆ ಏನು ಕಳೆದುಕೊಳ್ತಾರೆ?

ಸರಿ, ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಆದ ಮೇಲೆ ಬೇಸ್ ಬೆಣ್ಣೆಯಂತಿತ್ತು. ತಂತಿ ಫ್ರೆಟ್‌ಗೆ ತಾಗಿ ಬರುವ ಬಝ್ ಇಲ್ಲ, ಆಕ್ಷನ್ (ಫ್ರೆಟ್‌ನಿಂದ ತಂತಿಯ ಎತ್ತರ) ಕೆಳಗೆ, ಶ್ರುತಿ ಗಟ್ಟಿ. ಆದರೆ ಜಿ ತಂತಿಯ ಆರನೇ ಫ್ರೆಟ್ ಒತ್ತಿ ಮೀಟಿದರೆ 'ಟಕ್' ಅಂತ ಶುರುವಾಗಿ ತಕ್ಷಣ ತೆಳ್ಳಗಾಗುತ್ತಿತ್ತು. ಪೂರ್ತಿ ಸದ್ದು ಹೋಗುತ್ತಿರಲಿಲ್ಲ. ಮೂಲ ಸ್ವರ ಕುಸಿದು ಅದರ ಮೇಲಿನ ಸಪ್ತಕ ಮಾತ್ರ ಉಳಿಯುತ್ತಿತ್ತು. ಫೋನಿನಲ್ಲಿ ಸ್ಪೆಕ್ಟ್ರಮ್ ಆ್ಯಪ್ ಹಾಕಿ ನೋಡಿದರೆ ಸ್ಪಷ್ಟವಾಗಿ ಕಾಣುತ್ತಿತ್ತು: 138 ಹರ್ಟ್ಜ್ ಗೆರೆ ಬಿದ್ದುಹೋಗುತ್ತದೆ, 277ರ ಗೆರೆ ನಿಂತೇ ಇರುತ್ತದೆ. ಐದನೇ ಫ್ರೆಟ್ ಚೆನ್ನಾಗಿದೆ, ಏಳನೆಯದೂ ಪರವಾಗಿಲ್ಲ. ನಡುವೆ ಇದೊಂದು ಗುಂಡಿ.

ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರೇನೋ. ನಾನು ಬಿಡುವ ಹಾಗಿರಲಿಲ್ಲ. ನಮ್ಮ ಆರ್ಕೆಸ್ಟ್ರಾದಲ್ಲಿ ವಚನ, ತತ್ವಪದ, ಭಾವಗೀತೆಗಳೇ ಜಾಸ್ತಿ. ಮುಖ್ಯ ಗಾಯಕರದ್ದು ಕರಿ ಒಂದು. ಅಂದ್ರೆ ಸತ್ತ ಸ್ವರವೇ ನಮ್ಮ ಷಡ್ಜ! ಪಲ್ಲವಿ ಮುಗಿದು ಎಲ್ಲರೂ ಸಾ ಮೇಲೆ ಬಂದು ನಿಲ್ಲುವಾಗ ಬೇಸ್ ಒಂದೇ ಕಾಲು ಮುರಿದುಕೊಂಡು ಕೂರುತ್ತಿತ್ತು. ಎ ತಂತಿಯ ನಾಲ್ಕನೇ ಫ್ರೆಟ್‌ನಲ್ಲಿ ಕೆಳಗಿನ ಸಾ ಸಿಗುತ್ತದೆ ನಿಜ. ಆದರೆ ನಿಧಾನದ ಆಲಾಪದ ಕೆಳಗೆ ಮೇಲಿನ ಸಾ ಹಿಡಿದು ನಿಲ್ಲುವ ಸುಖವೇ ಬೇರೆ.

ಮೊದಲು ಎಲ್ಲರೂ ಹೇಳುವ ಮದ್ದುಗಳನ್ನೆಲ್ಲ ಮಾಡಿದೆ. ಹೊಸ ತಂತಿ ಹಾಕಿದೆ. ಪಿಕಪ್‌ನ ಅಯಸ್ಕಾಂತ ತಂತಿಯನ್ನು ಎಳೆಯದಿರಲಿ ಅಂತ ಪಿಕಪ್ ಕೆಳಗಿಳಿಸಿದೆ. ನೆಕ್ ಬೋಲ್ಟ್‌ಗಳನ್ನು ತಂತಿ ಬಿಗಿ ಇರುವಾಗಲೇ ಸ್ವಲ್ಪ ಸಡಿಲಿಸಿ, ನೆಕ್ ತನ್ನ ಜಾಗದಲ್ಲಿ ಕೂತ ಮೇಲೆ ಮತ್ತೆ ಬಿಗಿದೆ. ಇದನ್ನು ಎಲ್ಲರೂ ಮಾಡಲೇಬೇಕು, ಒಟ್ಟು ಸದ್ದು ಗಟ್ಟಿಯಾಗುತ್ತದೆ. ಗುಂಡಿ ಮಾತ್ರ ಅಲ್ಲೇ ಇತ್ತು. ಆ ಫ್ರೆಟ್ ಸಡಿಲ ಇರಬಹುದು ಅಂತ ಉಗುರಿನಿಂದ ತಟ್ಟಿ ನೋಡಿದೆ. ಅದು ಕಲ್ಲಿನಂತೆ ಕೂತಿತ್ತು.

ಈ ಹೊತ್ತಿಗೆ ಸಲಹೆಗಳು ಬರತೊಡಗಿದವು. ಹಿರಿಯ ವಾದಕರೊಬ್ಬರದು ಒಂದೇ ಮಾತು: ಅಗ್ಗದ ಬೇಸ್ ಅಂದ್ರೆ ಹೀಗೇ, ಮಾರಿ ಅಮೆರಿಕದ್ದು ತಗೋ. ಹುಡುಗರದ್ದು ಇನ್ನೊಂದು ತುದಿ: ಈಗಿನ ಅಗ್ಗದ ಬೇಸ್‌ಗಳು ದುಬಾರಿಯವಕ್ಕೆ ಸಮ, ಬ್ರ್ಯಾಂಡ್ ಅನ್ನೋದೆಲ್ಲ ಹೆಸರಿನ ಹಣ. ಎರಡೂ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಪರೀಕ್ಷೆ ಮಾಡೋ ಅವಕಾಶವೂ ಸಿಕ್ಕಿತು. ಹೈದರಾಬಾದ್‌ನಿಂದ ಬಂದ ಗೆಳೆಯನ ಕೈಯಲ್ಲಿ ಅಮೆರಿಕದಲ್ಲೇ ತಯಾರಾದ ಬೇಸ್ ಇತ್ತು. ನನ್ನದಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿದ ಬೆಲೆ. ಹೊರಗಿನಿಂದ ಎರಡೂ ಒಂದೇ ಆಕಾರ: 34 ಇಂಚು ಸ್ಕೇಲ್ (ತಂತಿಯ ಕಂಪಿಸುವ ಉದ್ದ), ಬೋಲ್ಟ್ ಹಾಕಿದ ಮೇಪಲ್ ನೆಕ್, ತಂತಿ ಶ್ರುತಿ ಮಾಡುವ ನಾಲ್ಕು ಟ್ಯೂನರ್ ಒಂದೇ ಸಾಲಿನಲ್ಲಿ.

ಎರಡನ್ನೂ ಒಂದೇ ಆ್ಯಂಪ್‌ಗೆ ಹಾಕಿ ಕೂತೆವು. ಅವನ ಬೇಸ್‌ನ ಫ್ರೆಟ್ ಅಂಚುಗಳನ್ನು ಮುಟ್ಟಿದರೆ ಗೊತ್ತಾಗುತ್ತದೆ, ಅಲ್ಲಿ ಯಾರೋ ಸಮಯ ಕೊಟ್ಟು ಕೈಯಾಡಿಸಿದ್ದಾರೆ. ಟ್ಯೂನರ್ ತಿರುಗಿಸಿದಷ್ಟೇ ತಿರುಗುತ್ತದೆ, ಸಡಿಲ ಜಾಗವೇ ಇಲ್ಲ. ಪಾಟ್‌ನಲ್ಲಿ ಟೋನ್ ಮೆಲ್ಲಗೆ ಇಳಿಯುತ್ತದೆ. ನನ್ನದರಲ್ಲಿ ಕೊನೆಯ ಕಾಲುಭಾಗದಲ್ಲಿ ದಡಕ್ಕನೆ ಬೀಳುತ್ತಿತ್ತು. ಆಮೇಲೆ ಜಿ ತಂತಿಯಲ್ಲಿ ಒಂದೊಂದೇ ಫ್ರೆಟ್ ಏರಿದೆವು. ಆರನೆಯದಕ್ಕೆ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅದೇ ಗುಂಡಿ! ನನ್ನದರಷ್ಟು ಆಳ ಇಲ್ಲ, ಆದರೆ ಅದೇ ಜಾಗ, ಅದೇ ತರಹ ಸಪ್ತಕ ಹಾರುವುದು.

ಇದಕ್ಕೆ ಡೆಡ್ ಸ್ಪಾಟ್, ಅಂದ್ರೆ ಸತ್ತ ಜಾಗ, ಅಂತಾರೆ. ಕಾರಣ ಬೆಲೆಯಲ್ಲಿ ಇಲ್ಲ, ನೆಕ್‌ನ ಕಂಪನದಲ್ಲಿದೆ. ಉದ್ದನೆಯ ನೆಕ್, ತುದಿಯಲ್ಲಿ ಭಾರದ ಟ್ಯೂನರ್‌ಗಳು. ಇದಕ್ಕೆ ತನ್ನದೇ ಒಂದು ಕಂಪನ ಸಂಖ್ಯೆ ಇರುತ್ತದೆ. ತಂತಿಯ ಸ್ವರ ಆ ಸಂಖ್ಯೆಗೆ ಬಂದು ಕೂತರೆ ತಂತಿಯ ಶಕ್ತಿ ನೆಕ್‌ಗೆ ಹರಿದುಹೋಗುತ್ತದೆ. ನೆಕ್ ನಡುಗುತ್ತದೆ, ತಂತಿ ಸುಮ್ಮನಾಗುತ್ತದೆ. ಜರ್ಮನಿಯ ಹೆಲ್ಮುಟ್ ಫ್ಲೈಷರ್ ಎಲೆಕ್ಟ್ರಿಕ್ ಗಿಟಾರ್ ಮತ್ತು ಬೇಸ್ ನೆಕ್‌ಗಳನ್ನು ಫ್ರೆಟ್ ಫ್ರೆಟ್‌ಗೆ ಅಳೆದು ತೋರಿಸಿದ್ದು ಇದನ್ನೇ. ಯಾವ ಜಾಗದಲ್ಲಿ ನೆಕ್ ಸುಲಭವಾಗಿ ಅಲುಗುತ್ತದೋ ಅಲ್ಲಿ ಸ್ವರ ಬೇಗ ಸಾಯುತ್ತದೆ. ಇದೇ ಸಿ ಶಾರ್ಪ್ ಅನ್ನು ಡಿ ತಂತಿಯ 11ನೇ ಫ್ರೆಟ್‌ನಲ್ಲಿ ಹಿಡಿದರೆ ಚೆನ್ನಾಗಿ ನಿಲ್ಲುತ್ತದೆ. ಅಲ್ಲಿ ನೆಕ್ ಬಾಡಿಗೆ ಹತ್ತಿರ, ಅಷ್ಟು ಅಲುಗುವುದಿಲ್ಲ.

ಅಮೆರಿಕದ ಫೆಂಡರ್ ಕಂಪನಿ 1951ರಲ್ಲಿ ಪ್ರೆಸಿಷನ್ ಬೇಸ್ ತಂದಿತು, 1960ರಲ್ಲಿ ಜಾಝ್ ಬೇಸ್. ಇವತ್ತಿಗೂ ಅರ್ಧ ಲೋಕ ಅದೇ ಆಕಾರ ಮಾಡುತ್ತಿದೆ. ಆಕಾರದ ಜತೆಗೇ ಈ ಗುಂಡಿಯೂ ಬರುತ್ತದೆ. ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಎಲ್ಲೋ ಒಂದು ಕಡೆ. ಗ್ರ್ಯಾಫೈಟ್ ನೆಕ್‌ನವರು ಇದರಿಂದ ಬಹುಮಟ್ಟಿಗೆ ತಪ್ಪಿಸಿಕೊಂಡರು, ಯಾಕಂದ್ರೆ ಅದು ಮರಕ್ಕಿಂತ ತುಂಬಾ ಬಿಗಿ. ಮರದ ನೆಕ್‌ಗೆ ಎಷ್ಟು ದುಡ್ಡು ಸುರಿದರೂ ಮರ ಮರವೇ.

ಹಾಗಾದ್ರೆ ದುಬಾರಿ ಬೇಸ್‌ನಲ್ಲಿ ದುಡ್ಡು ಹೋಗೋದು ಎಲ್ಲಿಗೆ? ನನ್ನ ತೀರ್ಮಾನ ಇದು. ಕೈಕೆಲಸಕ್ಕೆ ಹೋಗುತ್ತದೆ, ಆಯ್ದ ಮರಕ್ಕೆ ಹೋಗುತ್ತದೆ, ಒಂದರಂತೆ ಇನ್ನೊಂದು ಇರುವ ಭರವಸೆಗೆ ಹೋಗುತ್ತದೆ. ಮಾರುವಾಗ ಸಿಗುವ ಬೆಲೆಗೂ ಹೋಗುತ್ತದೆ. ಅಂಗಡಿಯಿಂದ ತಂದ ದಿನವೇ ವೇದಿಕೆ ಹತ್ತಬೇಕು ಅನ್ನುವವರಿಗೆ ಅದು ನ್ಯಾಯವಾದ ಖರ್ಚು. ಅಗ್ಗದ ಬೇಸ್‌ನಲ್ಲಿ ಮರ, ಆಕಾರ, ಪಿಕಪ್ ಎಲ್ಲ ಈಗ ಬಹಳ ಚೆನ್ನಾಗಿ ಬರುತ್ತಿವೆ. 1982ರಲ್ಲಿ ಫೆಂಡರ್ ಸ್ಕ್ವಯರ್ ಹೆಸರಿನಲ್ಲಿ ಜಪಾನಿನ ವಾದ್ಯ ತಂದಾಗಲೇ ಜನ ಹುಬ್ಬೇರಿಸಿದ್ದರು. ಈಗ ಕಾರ್ಟ್ ಕಂಪನಿಯ ಇಂಡೋನೇಷ್ಯಾ ಕಾರ್ಖಾನೆಯಲ್ಲಿ ಹಲವು ಬ್ರ್ಯಾಂಡ್‌ಗಳ ವಾದ್ಯ ತಯಾರಾಗುತ್ತವೆ. ಸೈರ್ ಎಂಬ ಬ್ರ್ಯಾಂಡ್ ಬಂದ ಮೇಲಂತೂ ಸ್ಪರ್ಧೆ ಜೋರಾಯಿತು. ಕಡಿಮೆ ಆಗೋದು ಕೊನೆಯ ಕೈಕೆಲಸ ಮಾತ್ರ: ಫ್ರೆಟ್ ಅಂಚು, ನಟ್ ಕೊರೆತ, ಟ್ಯೂನರ್, ಪಾಟ್, ಶೀಲ್ಡಿಂಗ್. ಇದನ್ನೆಲ್ಲ ನಾವು ಮನೆಯಲ್ಲೇ ಮಾಡಬಹುದು. ಹಾಗಂತ ಅಗ್ಗದ್ದು ಸಮ ಅಂತ ಹೇಳಲ್ಲ. ಕೆಲಸ ಮಾಡಿದ ಮೇಲೆ ಹತ್ತಿರ ಬರುತ್ತದೆ, ಆ ಕೆಲಸಕ್ಕೂ ಬೆಲೆ ಇದೆ.

ಗುಂಡಿಗೆ ಮದ್ದು ಸಿಕ್ಕಿದ್ದು ನೆಹರು ಗಂಜ್ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ. ಬಡಗಿಗಳು ಬಳಸುವ ಸಣ್ಣ ಸಿ ಕ್ಲ್ಯಾಂಪ್. ಹೆಡ್‌ಸ್ಟಾಕ್ (ಟ್ಯೂನರ್‌ಗಳಿರುವ ನೆಕ್‌ನ ತಲೆಭಾಗ) ತುದಿಗೆ ಬಟ್ಟೆ ಸುತ್ತಿ ಕ್ಲ್ಯಾಂಪ್ ಬಿಗಿದು ಮೀಟಿದೆ. ಆರನೇ ಫ್ರೆಟ್ ತುಂಬಿಕೊಂಡು ಬಂತು! ತತ್ವ ಸರಳ. ತುದಿಗೆ ತೂಕ ಸೇರಿಸಿದರೆ ನೆಕ್‌ನ ಕಂಪನ ಸಂಖ್ಯೆ ಇಳಿಯುತ್ತದೆ. ಗುಂಡಿ ಮಾಯವಾಗುವುದಿಲ್ಲ, ಕೆಳಗಿನ ಸ್ವರದ ಕಡೆ ಸರಿಯುತ್ತದೆ. ಹಗುರ ಟ್ಯೂನರ್ ಹಾಕಿದರೆ ಉಲ್ಟಾ, ಮೇಲಕ್ಕೆ ಸರಿಯುತ್ತದೆ. ಹಗುರ ಟ್ಯೂನರ್‌ಗೆ ಕೇಳುತ್ತಿದ್ದ ಬೆಲೆ ನೋಡಿ ನಾನು ತೂಕದ ದಾರಿಯನ್ನೇ ಹಿಡಿದೆ.

ಈಗ ಎಷ್ಟು ತೂಕ ಅನ್ನೋ ಪ್ರಶ್ನೆ. ಕ್ಲ್ಯಾಂಪ್ ಪೂರ್ತಿ ಬಿಗಿದರೆ ಗುಂಡಿ ನೇರ ಐದನೇ ಫ್ರೆಟ್‌ಗೆ ಹೋಗಿ ಸಿ ಸ್ವರ ಸಾಯುತ್ತಿತ್ತು. ಬಿಳಿ ಒಂದರಲ್ಲಿ ಹಾಡುವವರು ಸುಮ್ನೆ ಇರ್ತಾರಾ? ಹಿತ್ತಾಳೆ ವಾಷರ್‌ಗಳನ್ನು ಒಂದರ ಮೇಲೊಂದು ಟೇಪ್ ಹಾಕಿ ಅಂಟಿಸುತ್ತಾ, ತೆಗೆಯುತ್ತಾ ಹೋದೆ. ಸುಮಾರು 70 ಗ್ರಾಮ್‌ಗೆ ಬಂದಾಗ ಒಳ್ಳೆ ಜಾಗ ಸಿಕ್ಕಿತು. ಗುಂಡಿ ನಾಲ್ಕು ಮತ್ತು ಐದನೇ ಫ್ರೆಟ್‌ಗಳ ನಡುವೆ, ಯಾವ ಸ್ವರವೂ ಇಲ್ಲದ ಕಡೆ ಬಿತ್ತು. ಬಿ 123 ಹರ್ಟ್ಜ್, ಸಿ 131 ಹರ್ಟ್ಜ್. ಅವೆರಡರ ನಡುವೆ. ಎರಡೂ ಸ್ವರ ಚೂರೇ ಚೂರು ಮಂಕಾಗುತ್ತವೆ, ತಂಡದ ಜತೆ ನುಡಿಸುವಾಗ ಗೊತ್ತೇ ಆಗಲ್ಲ.

ವಾಷರ್ ಅಂಟಿಸಿದ ಹೆಡ್‌ಸ್ಟಾಕ್ ಹಿಡಿದು ವೇದಿಕೆ ಹತ್ತೋಕೆ ಮನಸ್ಸು ಬರಲಿಲ್ಲ. ಆಗ ಬೀದರ್ ನೆನಪಾಯಿತು. ಬಿದ್ರಿ ಕೆಲಸದ ಲೋಹ ಬಹುಪಾಲು ಸತುವು, ಜತೆಗೆ ಸ್ವಲ್ಪ ತಾಮ್ರ. ಘನ ಸೆಂಟಿಮೀಟರ್‌ಗೆ ಸುಮಾರು 7 ಗ್ರಾಮ್ ತೂಗುತ್ತದೆ. ಅಂದ್ರೆ 6 ಸೆಂಮೀ ಉದ್ದ, 4 ಸೆಂಮೀ ಅಗಲ, 4 ಮಿಮೀ ದಪ್ಪದ ತಗಡು 70 ಗ್ರಾಮ್‌ಗೆ ಸರಿಹೋಗುತ್ತದೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಹೋಗಿಬರೋದು ಸುಲಭ. ಅಲ್ಲಿನ ಕುಶಲಕರ್ಮಿಯೊಬ್ಬರಿಗೆ ಹೆಡ್‌ಸ್ಟಾಕ್‌ನ ಕಾಗದದ ಅಚ್ಚು ಕೊಟ್ಟೆ. ಹೂದಾನಿ, ಹುಕ್ಕಾ ಮಾಡಿದ ಕೈಗೆ ಇದು ಹೊಸದು. ಎಲ್ಲಿ ಕೂರಿಸುತ್ತೀರಿ, ಯಾಕೆ ತೂಕ ಬೇಕು ಅಂತ ವಿಚಾರಿಸಿಯೇ ಕೆಲಸ ಹಿಡಿದರು. ಎರಕ ಹೊಯ್ದು, ಅರಗಳಿಂದ ಉಜ್ಜಿ, ಉಳಿಯಿಂದ ಸಣ್ಣ ಬಳ್ಳಿ ಕೊರೆದು ಬೆಳ್ಳಿ ತಂತಿ ಬಡಿದರು. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಅದ್ದಿದರು. ಲೋಹ ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ತೂಕಕ್ಕೆ ಹಾಕಿದರೆ 72 ಗ್ರಾಮ್. ಹೇಳಿದ ದಿನಕ್ಕೆ, ಹೇಳಿದ ಅಳತೆಗೆ ಮಾಲು ಕೊಟ್ಟವರು ಈ ಇಡೀ ಯೋಜನೆಯಲ್ಲಿ ಇವರೊಬ್ಬರೇ.

ಅದನ್ನು ಹೆಡ್‌ಸ್ಟಾಕ್ ಹಿಂಭಾಗಕ್ಕೆ ಎರಡು ಸಣ್ಣ ಸ್ಕ್ರೂ ಹಾಕಿ ಕೂರಿಸಿದ್ದೇನೆ. ತಗಡು ಮರಕ್ಕೆ ಪೂರ್ತಿ ಕಚ್ಚಿಕೊಂಡಿರಬೇಕು, ಅಲುಗಿದರೆ ಅದೇ ಜುಂಯ್ ಅಂತ ಶುರುಮಾಡುತ್ತದೆ. ನೆಕ್ ಕೆಳಗೆ ವಾಲುತ್ತದೆ ಅನ್ನೋ ಭಯ ಇತ್ತು. ಅಗಲವಾದ ಒರಟು ಚರ್ಮದ ಸ್ಟ್ರ್ಯಾಪ್ ಹಾಕಿದ ಮೇಲೆ ಭುಜದ ಮೇಲೆ ನಿಂತಲ್ಲೇ ನಿಲ್ಲುತ್ತದೆ.

ಇನ್ನೊಂದು ಹುಚ್ಚು ಆಗಲೇ ತಲೆಗೆ ಹತ್ತಿದೆ. ಹಳೆಯ ಇನ್ನೊಂದು ನೆಕ್ ಇದೆ, ಅದರ ಫ್ರೆಟ್ ಕಿತ್ತು ಫ್ರೆಟ್‌ಲೆಸ್ ಮಾಡಬೇಕು. ವಚನಕ್ಕೆ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಇಲ್ಲದೆ ನುಡಿಸುವುದು ಎಷ್ಟು ದಿನ? ಮಿರಜ್‌ನ ತಂಬೂರಿ ಕೆಲಸದವರು ಕುದುರೆಯನ್ನು ಉಜ್ಜಿ ಉಜ್ಜಿ ಜವಾರಿ ತೆಗೆಯುತ್ತಾರಲ್ಲ, ತಂತಿ ಕುದುರೆಯ ಮೈಗೆ ಸವರಿಕೊಂಡು ಝೇಂಕರಿಸುವ ಹಾಗೆ. ಫ್ರೆಟ್‌ಲೆಸ್ ಬೇಸ್‌ನ 'ಮ್ವಾ' ಸದ್ದೂ ತಂತಿ ಬೋರ್ಡಿನ ಮೈ ಸವರುವುದರಿಂದಲೇ ಬರುತ್ತದೆ. ಫ್ರೆಟ್ ಇರುವ ಬೇಸ್‌ನಲ್ಲಿ ಯಾವ ಬಝ್ ಓಡಿಸೋಕೆ ಇಷ್ಟು ಕಷ್ಟಪಟ್ಟೆನೋ, ಅಲ್ಲಿ ಅದನ್ನೇ ಕರೆದು ಕೂರಿಸಬೇಕು. ಫ್ರೆಟ್ ಸೀಳುಗಳಿಗೆ ಸೀಸಂ ಮರದ ತೆಳು ಪಟ್ಟಿ ತುಂಬುವ ಯೋಚನೆ ಇದೆ. ಪಟ್ಟಿ ಸಿಕ್ಕರೆ ಮಳೆಗಾಲ ಕಳೆದು ಮರ ಒಣಗಿದ ಮೇಲೆ ಶುರು.

ಅಲ್ಲಿಯವರೆಗೆ ನಿಮ್ಮಲ್ಲಿ ಒಂದು ಕೇಳಿಕೆ. ನಿಮ್ಮ ಬೇಸ್ ಅಗ್ಗದ್ದಿರಲಿ, ದುಬಾರಿಯದ್ದಿರಲಿ, ಜಿ ತಂತಿಯ ನಾಲ್ಕರಿಂದ ಎಂಟನೇ ಫ್ರೆಟ್‌ವರೆಗೆ ಒಂದೊಂದೇ ಸ್ವರ ಮೀಟಿ, ಎಲ್ಲಿ ಬೇಗ ಸಾಯುತ್ತದೆ ನೋಡಿ. ಆಮೇಲೆ ಹೆಡ್‌ಸ್ಟಾಕ್ ತುದಿಯನ್ನು ಬೀರುವಿಗೆ ಒತ್ತಿ ಹಿಡಿದು ಅದೇ ಸ್ವರ ಮತ್ತೆ ಮೀಟಿ. ಬದಲಾದರೆ ನಿಮ್ಮದೂ ಇದೇ ಕಾಯಿಲೆ. ಯಾವ ಫ್ರೆಟ್, ಎಷ್ಟು ಗ್ರಾಮ್‌ಗೆ ಸರಿಹೋಯಿತು ಅಂತ ಬರೆದು ತಿಳಿಸಿ. ಸಪೂರ ಜಾಝ್ ನೆಕ್‌ಗೂ ದಪ್ಪ ಪ್ರೆಸಿಷನ್ ನೆಕ್‌ಗೂ ಬೇಕಾಗುವ ತೂಕದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ನೋಡಬೇಕಿದೆ.