ಸೇಬು ಬಾಯಿಗೆ ಸಿಗುವಂಥ ಮಫಿನ್

ಆಪಲ್ ಮಫಿನ್ ಅಂದಮೇಲೆ ಅದರಲ್ಲಿ ಸೇಬು ಬಾಯಿಗೆ ಸಿಗಬೇಕು. ನನ್ನ ಹಟ ಇಷ್ಟೇ. ಹೊರಗೆ ಕೊಂಡು ತಂದ ಎಷ್ಟೋ ಮಫಿನ್‌ಗಳಲ್ಲಿ ಎಸೆನ್ಸಿನ ವಾಸನೆ ಮೂಗಿಗೆ ಬಡಿಯುತ್ತೆ, ಹಣ್ಣು ಮಾತ್ರ ಹುಡುಕಿದರೂ ಸಿಗಲ್ಲ. ಮನೆಯಲ್ಲಿ ಮಾಡಿದರೆ ಎರಡು ಹಣ್ಣು ಹಾಕಬೇಕಾದ ಕಡೆ ಎರಡೂ ಹಾಕಬಹುದು, ಮೂರನೆಯದನ್ನೂ ಸೇರಿಸಬೇಕು ಅನ್ನಿಸಿದರೆ ಬೇಡ ಅನ್ನೋರು ಯಾರೂ ಇಲ್ಲ.

ನಮ್ಮ ಧಾರವಾಡದಲ್ಲಿ ಇದಕ್ಕೆ ಒಳ್ಳೇ ಕಾಲ ಅಂದ್ರೆ ಶ್ರಾವಣದಿಂದ ದೀಪಾವಳಿವರೆಗೆ. ಜಿಟಿಜಿಟಿ ಮಳೆ ಹಿಡಿದಿರುತ್ತೆ, ಸಂಜೆ ಆಗುತ್ತಲೇ ಮಕ್ಕಳಿಗೆ ಬಿಸಿಬಿಸಿ ಏನಾದರೂ ಬೇಕು. ಸೂಪರ್ ಮಾರ್ಕೆಟ್ ಕಡೆ ಹೋದರೆ ಗಾಡಿಗಳ ಮೇಲೆ ಹಿಮಾಚಲದ ಹೊಸ ಸೇಬು ಬಂದಿರುತ್ತೆ, ಆಮೇಲೆ ಕಾಶ್ಮೀರದ್ದೂ ಸೇರಿಕೊಳ್ಳುತ್ತೆ. ಬೇಸಿಗೆಯಲ್ಲಿ ಸಿಗೋದು ಹೆಚ್ಚಾಗಿ ಕೋಲ್ಡ್ ಸ್ಟೋರೇಜಿನ ಹಣ್ಣು. ನೋಡೋಕೆ ಕೆಂಪಗೆ, ಕಚ್ಚಿದರೆ ಹಿಟ್ಟು ಹಿಟ್ಟು. ಅಂಥದ್ದನ್ನೂ ಬಿಡಬೇಡಿ, ತುರಿದು ಹಾಕೋಕೆ ಅದು ಚೆನ್ನಾಗಿಯೇ ಆಗುತ್ತೆ.

ಇನ್ನೊಂದು ದಾರಿಯಿಂದಲೂ ನಮ್ಮ ಮನೆಗಳಿಗೆ ಸೇಬು ಬರುತ್ತೆ. ಯಾರಿಗಾದರೂ ಆರಾಮಿಲ್ಲ ಅಂದ್ರೆ ಮಾತಾಡಿಸೋಕೆ ಬರೋರೆಲ್ಲ ಸೇಬೇ ತರ್ತಾರೆ. ಹೋದ ವರ್ಷ ಮಾವನವರ ಕಣ್ಣಿನ ಆಪರೇಷನ್ ಆದಾಗ ಫ್ರಿಜ್‌ನ ಕೆಳಗಿನ ಖಾನೆ ತುಂಬ ಅದೇ. ಹಚ್ಚಿಟ್ಟರೆ ಮಕ್ಕಳು ಒಂದು ಹೋಳು ತಿಂದು ಎದ್ದು ಹೋಗ್ತಾರೆ. ಅದೇ ಹಣ್ಣು ಮಫಿನ್‌ನಲ್ಲಿ ಹೋದರೆ ತಟ್ಟೆ ಖಾಲಿ.

ಗಾಡಿಯವರು ಡೆಲಿಶಿಯಸ್ ಅಂತ ಕೊಡೋ ಕೆಂಪು ಹಣ್ಣಿನ ಕಥೆ ನನಗೆ ತುಂಬಾ ಇಷ್ಟ. ಅಮೆರಿಕದಿಂದ ಬಂದು ಇಲ್ಲಿಯವರೇ ಆಗಿಹೋದ ಸ್ಯಾಮ್ಯುಯಲ್ ಸ್ಟೋಕ್ಸ್ ಅನ್ನೋರು 1916ರಲ್ಲಿ ಶಿಮ್ಲಾ ಕಡೆಯ ಥಾನೇಧಾರ್‌ನಲ್ಲಿ ಇದರ ಸಸಿ ನೆಟ್ಟರು. ಸುತ್ತಲಿನ ರೈತರಿಗೂ ಕಲಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. ಇವತ್ತು ನಾವು ಇಲ್ಲಿ ಕೂತು ತುರಿಯೋ ಹಣ್ಣಿನ ಹಿಂದೆ ಅವರ ಆ ತೋಟ ಇದೆ. ಆದರೆ ಈ ಜಾತಿ ಹಸಿಯಾಗಿ ತಿನ್ನೋದಕ್ಕೆ ಹೇಳಿ ಮಾಡಿಸಿದ್ದು. ಸಿಹಿ ಇದೆ, ಹುಳಿ ಕಡಿಮೆ, ಬೆಂದರೆ ಮೆತ್ತಗಾಗಿ ಬಿಡುತ್ತೆ. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಹುಳಿಯಾಗಿರುತ್ತೆ, ಬೆಂದರೂ ಹೋಳು ಹೋಳಾಗೇ ನಿಲ್ಲುತ್ತೆ, ಆದರೆ ರೇಟು ಜಾಸ್ತಿ. ನಾನು ಕೆಂಪು ಹಣ್ಣನ್ನೇ ತಂದು ಅರ್ಧ ನಿಂಬೆಹಣ್ಣು ಹಿಂಡ್ತೀನಿ. ಹುಳಿಯೂ ಸಿಕ್ಕಿತು, ತುರಿ ಕಪ್ಪಾಗೋದೂ ತಪ್ಪಿತು.

ಒಂದು ಹಣ್ಣನ್ನು ತುರೀರಿ, ಇನ್ನೊಂದನ್ನು ಸಣ್ಣಗೆ ಹಚ್ಚಿ. ಎರಡೂ ಬೇಕು. ತುರಿದದ್ದು ಹಿಟ್ಟಿನಲ್ಲಿ ಕರಗಿ ಮಫಿನ್ ಮರುದಿನಕ್ಕೂ ಒಣಗದೆ ಮೆತ್ತಗಿರೋ ಹಾಗೆ ಮಾಡುತ್ತೆ. ಹಚ್ಚಿದ್ದು ಬಾಯಿಗೆ ಸಿಗುತ್ತೆ. ಹೋಳು ಅರ್ಧ ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ ತಳಕ್ಕೆ ಇಳಿಯುತ್ತೆ, ಸುತ್ತಲಿನ ಹಿಟ್ಟು ಹಸಿಯಾಗೇ ಉಳಿಯುತ್ತೆ. ಸಿಪ್ಪೆ ತೆಗೀರಿ. ಬೆಂದ ಮೇಲೆ ಅದು ಬೇರೆ ಆಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತೆ. ತುರಿಯಿಂದ ನೀರು ಬಿಟ್ಟರೆ ಹಿಂಡಿ ಚೆಲ್ಲಬೇಡಿ, ರುಚಿ ಎಲ್ಲ ಅದರಲ್ಲೇ ಇರೋದು. ಬದಲಿಗೆ ಮೊಸರು ಸ್ವಲ್ಪ ಕಡಿಮೆ ಹಾಕಿ.

ಮೊಸರು ಅಂದೆ, ಯಾಕೆಂದರೆ ನಮ್ಮನೆಗೆ ಮೊಟ್ಟೆ ಬರಲ್ಲ. ಓವನ್ ಹಚ್ಚಿದಾಗೆಲ್ಲ ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು, 'ತತ್ತಿ ಹಾಕಿಲ್ಲ ಹೌದಿಲ್ಲೋ?' ಅಂತ ಕೇಳ್ತಿದ್ದರು. 'ಇಲ್ಲ ಬಿಡ್ರಿ ಅತ್ತೆ, ನೀವ ಹೆಪ್ಪು ಹಾಕಿದ್ದ ಮೊಸರು' ಅಂದರೆ ಒಳಗೆ ಬಂದು ಕೂತ್ಕೋತಿದ್ದರು. ಈಗ ಕೇಳೋದಿಲ್ಲ, ಮೊಸರಿನ ಪಾತ್ರೆಯನ್ನು ತಾವೇ ಮುಂದೆ ಇಡ್ತಾರೆ. ಮೊಸರಿನ ಹುಳಿಗೆ ಅಡುಗೆ ಸೋಡಾ ಸೇರಿದರೆ ಗಾಳಿ ಹುಟ್ಟುತ್ತೆ, ಹಿಟ್ಟು ಉಬ್ಬೋದು ಅದರಿಂದ. ಸ್ವಲ್ಪ ಹುಳಿ ಬಂದ ಮೊಸರೇ ಒಳ್ಳೇದು. ಆದರೆ ಈ ಗಾಳಿ ನಿಮಗಾಗಿ ಕಾಯೋದಿಲ್ಲ. ಅದಕ್ಕೇ ಓವನ್ ಕಾದ ಮೇಲೇ ಮೊಸರಿನ ಹಸಿ ಮಿಶ್ರಣ ಮತ್ತು ಒಣ ಹಿಟ್ಟು ಎರಡನ್ನೂ ಕೂಡಿಸಬೇಕು. ಕೂಡಿಸಿಟ್ಟು ಫೋನ್ ಹಿಡಿದು ಕೂತರೆ ಮಫಿನ್ ಚಪ್ಪಟೆ.

ಈಗ ಅಳತೆ. ಇದು ಮಧ್ಯಮ ಗಾತ್ರದ 12 ಮಫಿನ್‌ಗೆ. ಮುಕ್ಕಾಲು ಕಪ್ ಮೊಸರಿಗೆ 150 ಗ್ರಾಂ ಬೆಲ್ಲದ ಪುಡಿ ಹಾಕಿ ಹತ್ತು ನಿಮಿಷ ಬಿಡಿ. ಮಹಾಲಿಂಗಪುರದ ಕಡೆಯ ಬೆಲ್ಲ ನಮ್ಮಲ್ಲಿ ಸುಲಭವಾಗಿ ಸಿಗುತ್ತೆ, ಅದರ ಬಣ್ಣಕ್ಕೇ ಮಫಿನ್ ಕಂದು ಬಣ್ಣ ತಿರುಗುತ್ತೆ. ಹಾಲಿಗೆ ಬೆಲ್ಲ ಹಾಕಿ ಕುದಿಸಿದರೆ ಒಡೆಯೋ ಭಯ, ಮೊಸರಿಗೆ ಆ ಚಿಂತೆ ಇಲ್ಲ. ಕರಗಿದ ಮೇಲೆ ಒಮ್ಮೆ ಸೋಸಿ, ಕಸಕಡ್ಡಿ ಇದ್ದರೆ ಹೋಗುತ್ತೆ. ಅದಕ್ಕೆ 100 ಮಿಲಿ ಎಣ್ಣೆ, ಇಲ್ಲಾಂದ್ರೆ ಕರಗಿಸಿದ ಬೆಣ್ಣೆ. ನಾನು ಅರ್ಧ ಎಣ್ಣೆ, ಅರ್ಧ ಬೆಣ್ಣೆ. ಬರೀ ಬೆಣ್ಣೆಯಾದರೆ ಆರಿದ ಮೇಲೆ ಬಿಗಿಯಾಗುತ್ತೆ. ಶೇಂಗಾ ಎಣ್ಣೆ ಬೇಡ, ಅದರ ವಾಸನೆ ಸೇಬನ್ನು ಮುಚ್ಚಿಬಿಡುತ್ತೆ, ಸೂರ್ಯಕಾಂತಿ ಎಣ್ಣೆ ಸಾಕು. ಆಮೇಲೆ ತುರಿದ ಸೇಬು ಮತ್ತು ನಿಂಬೆರಸ.

ಬೇರೆ ಪಾತ್ರೆಯಲ್ಲಿ 125 ಗ್ರಾಂ ಗೋಧಿ ಹಿಟ್ಟು, 125 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಇವನ್ನು ಜರಡಿ ಹಿಡೀರಿ, ಸೋಡಾ ಒಂದೇ ಕಡೆ ಗಂಟು ಕೂತರೆ ಆ ತುತ್ತು ಕಹಿ. ಪೂರ್ತಿ ಗೋಧಿ ಹಿಟ್ಟಲ್ಲೂ ಮಾಡಬಹುದು, ಸ್ವಲ್ಪ ಭಾರ ಬರುತ್ತೆ, ಗಿರಣಿಯ ಹಿಟ್ಟು ತವುಡಿನ ಸಮೇತ ಇರೋದರಿಂದ ಎರಡು ಮೂರು ಚಮಚ ಹಾಲನ್ನೂ ಸೇರಿಸಬೇಕಾಗುತ್ತೆ. ಸದಕದ ಗೋಧಿ ಸಿಕ್ಕರೆ ಅದರ ಹಿಟ್ಟನ್ನೂ ಅರ್ಧ ಪಾಲು ಹಾಕಿ ನೋಡಿ. ನಮ್ಮ ಭಾಗದ ಹಳೇ ಬೆಳೆ ಅದು, ಇಲ್ಲಿನ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1029 ಅಂತ ಅದರ ಗಿಡ್ಡ ತಳಿಯನ್ನೂ ತಂದಿದೆ. ಗೋಧಿ ಹುಗ್ಗಿಗೆ ಅದೇ ಬೇಕು ಅನ್ನೋ ಮನೆಗಳು ಇನ್ನೂ ಇವೆ. ಮಫಿನ್‌ನಲ್ಲೂ ಅದರ ಘಮ ಗೊತ್ತಾಗುತ್ತೆ.

ಮಸಾಲೆ ವಿಷಯ ಹೇಳಲೇಬೇಕು. ಎಲ್ಲರೂ ಸೇಬಿಗೆ ದಾಲ್ಚಿನ್ನಿ ಅಂತಾರೆ. ನಮ್ಮನೆಯಲ್ಲಿ ಒಂದು ಚಮಚ ದಾಲ್ಚಿನ್ನಿ ಪುಡಿ ಹಾಕಿದಾಗ ಅತ್ತೆ, 'ಇದೇನ ಮಸಾಲಿ ಅನ್ನದ ವಾಸನಿ ಬರಾಕತ್ತೇತಿ' ಅಂದರು. ಅವರ ಮಾತು ನಿಜ. ನಮ್ಮ ಅಡುಗೆಯಲ್ಲಿ ದಾಲ್ಚಿನ್ನಿ ಖಾರದ ಜೊತೆ ಇರೋದು, ಸಿಹಿಗೆ ಏಲಕ್ಕಿ. ನನ್ನ ತವರು ಹಾವೇರಿ, ಏಲಕ್ಕಿ ಹಾರದ ಊರು. ಅಲ್ಲಿ ಏಲಕ್ಕಿ ಬೆಳೆಯಲ್ಲ, ಮಲೆನಾಡಿನಿಂದ ಬರುತ್ತೆ, ಆದರೆ ಅಮ್ಮ ಪ್ರತಿ ಸಲ ಒಂದು ಸಣ್ಣ ಪೊಟ್ಟಣ ಕಟ್ಟಿ ಕೊಡದೆ ಕಳಿಸಲ್ಲ. ಅದರಲ್ಲಿ ಐದಾರು ಕಾಯಿ ಬಿಡಿಸಿ, ಕಾಳನ್ನು ಚಿಟಿಕೆ ಸಕ್ಕರೆ ಜೊತೆ ಕುಟ್ಟಿ, ಕಾಲು ಚಮಚ ದಾಲ್ಚಿನ್ನಿ ಸೇರಿಸ್ತೀನಿ. ಸೇಬಿಗೆ ಏಲಕ್ಕಿ ಇಷ್ಟು ಚೆನ್ನಾಗಿ ಹೊಂದುತ್ತೆ ಅಂತ ಯಾರೂ ಯಾಕೆ ಜೋರಾಗಿ ಹೇಳಲ್ಲವೋ!

ಇನ್ನು ಕಲೆಸೋದು. ಇಲ್ಲೇ ಇರೋದು ಎಲ್ಲ. ಚಪಾತಿ ಹಿಟ್ಟನ್ನು ನಾದಿ ನಾದಿ ರೂಢಿಯಾದ ಕೈಗೆ ಇದು ಕಷ್ಟ, ಯಾಕೆಂದರೆ ಇಲ್ಲಿ ಕೈ ಬೇಗ ನಿಲ್ಲಬೇಕು. ಒಣ ಹಿಟ್ಟಿನ ನಡುವೆ ಗುಂಡಿ ಮಾಡಿ, ಹಸಿ ಮಿಶ್ರಣ ಸುರಿದು, ಚಪ್ಪಟೆ ಚಮಚದಲ್ಲಿ ತಳದಿಂದ ಮೇಲಕ್ಕೆ ಮಗುಚಿ. ಬಿಳಿ ಹಿಟ್ಟಿನ ಗೆರೆ ಇನ್ನೂ ಅಲ್ಲಲ್ಲಿ ಕಾಣ್ತಿರುವಾಗಲೇ ಹಚ್ಚಿದ ಸೇಬು ಹಾಕಿ ಇನ್ನು ಮೂರು ನಾಲ್ಕು ಸಲ ಮಗುಚಿದರೆ ಮುಗೀತು. ಗಂಟು ಕಂಡರೆ ಕಾಣಲಿ, ಓವನ್‌ನಲ್ಲಿ ತಾನೇ ಹೋಗುತ್ತೆ. ನುಣ್ಣಗಾಗಲಿ ಅಂತ ತಿರುವುತ್ತಾ ಹೋದರೆ ಗೋಧಿಯಲ್ಲಿರೋ ಗ್ಲುಟೆನ್ ಅನ್ನೋ ಪ್ರೋಟೀನ್ ಜಿಗುಟಾಗುತ್ತೆ, ಒಳಗೆ ಉದ್ದುದ್ದ ತೂತು ಬಿದ್ದು ಮಫಿನ್ ರಬ್ಬರಿನ ಹಾಗೆ ಎಳೆಯುತ್ತೆ. ಹಿಟ್ಟಿನ ಹದ ಭಜಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ಸಡಿಲ. ಚಮಚ ಎತ್ತಿದರೆ ಸುರಿಯಬಾರದು, ಒಂದು ಕ್ಷಣ ತಡೆದು ದೊಪ್ಪನೆ ಬೀಳಬೇಕು.

ಕಾಗದದ ಕಪ್ಪುಗಳಿಗೆ ಮುಕ್ಕಾಲು ಭಾಗ ತುಂಬಿ. ಓವನ್ 200 ಡಿಗ್ರಿಗೆ ಕಾದಿರಲಿ. ಒಳಗಿಟ್ಟು 5 ನಿಮಿಷ ಆದ ಮೇಲೆ ಬಾಗಿಲು ತೆಗೆಯದೆ 180ಕ್ಕೆ ಇಳಿಸಿ, ಇನ್ನು 15ರಿಂದ 18 ನಿಮಿಷ. ಮೊದಲ ಜೋರು ಕಾವಿಗೆ ತಲೆ ಗುಂಡಗೆ ಏಳುತ್ತೆ. ಸಣ್ಣ ಓಟಿಜಿ, ಅಂದ್ರೆ ಮೇಜಿನ ಮೇಲಿಡೋ ಕರೆಂಟ್ ಓವನ್ ಆದರೆ ಮೇಲಿನ ರಾಡ್ ತೀರಾ ಹತ್ತಿರ, ಒಂದು ಖಾನೆ ಕೆಳಗಿಡಿ. ಹತ್ತು ನಿಮಿಷ ದಾಟಿದ ಮೇಲೆ ಗಾಜಿನ ಮುಂದೆ ಕೂತು ನೋಡಿ: ನೆತ್ತಿ ಮೇಲೆ ಸಣ್ಣ ಬಿರುಕು ಬಿಟ್ಟು, ಅದರ ಸಂದಿಯಲ್ಲಿ ಸೇಬಿನ ರಸ ಗುಳ್ಳೆ ಗುಳ್ಳೆಯಾಗಿ ಕುದಿಯೋದು ಕಾಣುತ್ತೆ, ಅಂಚಲ್ಲಿ ಬೆಲ್ಲ ಕಂದುಗಟ್ಟಿರುತ್ತೆ. ನನ್ನ ಮಗಳು ಅಷ್ಟೂ ಹೊತ್ತು ಅಲ್ಲೇ ಇರ್ತಾಳೆ, 'ಮಮ್ಮಿ, ನಂದು ಎದ್ದೈತಿ!' ಅಂತ ತನ್ನದನ್ನು ಗುರುತಿಟ್ಟುಕೊಂಡು. ಮಳೆಗಾಲ ಅಲ್ವಾ, ನಡುವೆ ಕರೆಂಟ್ ಹೋದರೆ ಗಾಬರಿ ಬೇಡ. ಬಾಗಿಲು ಮಾತ್ರ ತೆಗೀಬೇಡಿ. ಮುಕ್ಕಾಲು ಬೆಂದಿದ್ದರೆ ಒಳಗಿನ ಕಾವಿಗೇ ಇನ್ನಷ್ಟು ಬೇಯುತ್ತೆ.

ಓವನ್ ಇಲ್ಲದವರು ದಪ್ಪ ತಳದ ಕುಕ್ಕರ್‌ನ ರಬ್ಬರ್ ಮತ್ತು ಸೀಟಿ ತೆಗೆದು, ತಳದಲ್ಲಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ತುಪ್ಪ ಸವರಿದ ಸಣ್ಣ ಸ್ಟೀಲ್ ವಾಟಿಗಳಲ್ಲಿ ಹಿಟ್ಟು ತುಂಬಿಟ್ಟರೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಮೇಲೆ ಅಷ್ಟು ಕೆಂಪಾಗಲ್ಲ, ರುಚಿಗೆ ಕೊರತೆ ಇಲ್ಲ. ಹಾವೇರಿಯಲ್ಲಿ ಅಮ್ಮ ಹೀಗೇ ಮಾಡೋದು.

ಮಾವನವರಿಗೆ ಶುಗರ್ ಇದೆ. ಬೆಲ್ಲ ಹಾಕಿದ್ದಲ್ವಾ, ತಿನ್ನಬಹುದು ಅಂತ ಬಂದವರೊಬ್ಬರು ಹೇಳಿದರು. ಈ ಮಾತನ್ನು ದಯವಿಟ್ಟು ನಂಬಬೇಡಿ. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತೆ. ಅವರಿಗೆ ನಾನು ಅರ್ಧ ಮಫಿನ್ ಕೊಡ್ತೀನಿ, ಊಟ ಆದ ಕೂಡಲೇ ಅಲ್ಲ, ಸಂಜೆ ಸಕ್ಕರೆ ಇಲ್ಲದ ಚಹಾದ ಜೊತೆ. ಅವರೂ ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ ನಿಧಾನವಾಗಿ ತಿಂತಾರೆ, ಸೇಬಿನ ಹೋಳು ಇರೋ ಅರ್ಧವನ್ನೇ ಆರಿಸಿಕೊಂಡು.

ಪೂರ್ತಿ ಆರದೆ ಡಬ್ಬಿಗೆ ಹಾಕಬೇಡಿ, ಬೆವರಿ ನೆತ್ತಿ ಅಂಟಂಟಾಗುತ್ತೆ. ನಮ್ಮ ಮಳೆಗಾಲದ ಹವೆಗೆ ಹೊರಗೆ ಒಂದೇ ದಿನ, ಆಮೇಲೆ ಫ್ರಿಜ್, ಅಲ್ಲಿ ಮೂರು ದಿನ ಇರುತ್ತೆ. ಬೆಳಿಗ್ಗೆ ತವೆ ಬಿಸಿ ಮಾಡಿ, ಮಫಿನ್ ಅಡ್ಡ ಸೀಳಿ, ಚೂರು ಬೆಣ್ಣೆ ಹಚ್ಚಿ ಬೋರಲು ಹಾಕಿ ಒಂದು ನಿಮಿಷ ಸುಟ್ಟರೆ ಸೀಳಿದ ಬದಿ ಗರಿಯಾಗುತ್ತೆ, ಸೇಬು ಮತ್ತೆ ಘಮ್ ಅನ್ನುತ್ತೆ. ಸ್ಕೂಲಿನ ಡಬ್ಬಿಗೆ ಎರಡು ಹಾಕಿ, ಒಂದು ಹೇಗೂ ಗೆಳತಿಯರ ಪಾಲು.