ಆರಾರೂಟ್ ಮಾರಿ ಬಂದ ಬೈಬಲ್

ಅಕ್ಕ, ಭಾವ ಈಗ ವನುವಾಟುವಿನಲ್ಲಿದ್ದಾರೆ. ಪೆಸಿಫಿಕ್ ಸಾಗರದಲ್ಲಿರುವ, 80ಕ್ಕೂ ಹೆಚ್ಚು ದ್ವೀಪಗಳ ದೇಶ. ಅಲ್ಲಿನ ಬಿಸ್ಲಾಮಾ ಭಾಷೆಯ ಬೈಬಲ್‌ಗಳನ್ನು ಉಪ್ಪುನೀರು ತಾಗದ ಹಾಗೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಸಣ್ಣ ಬೋಟಿನಲ್ಲಿ ಹಳ್ಳಿಗಳಿಗೆ ಒಯ್ಯುತ್ತಾರೆ. ಕಡಲು ಜೋರಿದ್ದರೆ ದಡದಲ್ಲೇ ಕಾಯಬೇಕು.

ಅವರ ಫೋಟೋ ನೋಡುವಾಗ ಅದೇ ದೇಶದ ಅನೈಟಿಯಮ್ ದ್ವೀಪ ನೆನಪಾಯಿತು. 1848ರಲ್ಲಿ ಕೆನಡಾ ಕಡೆಯ ನೋವಾ ಸ್ಕೋಷಿಯಾದ ಮಿಷನರಿಗಳಾದ ಜಾನ್ ಮತ್ತು ಷಾರ್ಲೆಟ್ ಗೆಡ್ಡಿ ಅಲ್ಲಿಗೆ ಬಂದಿಳಿದರು. ಅವರೂ ಗಂಡ ಹೆಂಡತಿ. ಮುಂದೆ ಅಲ್ಲಿನ ಜನ ಆರಾರೂಟ್ ಗೆಡ್ಡೆ ಬೆಳೆದು, ಹಿಟ್ಟು ಮಾಡಿ ಮಾರಿ, ತಮ್ಮ ನುಡಿಯ ಬೈಬಲ್ ಅಚ್ಚಿಗೆ ತಾವೇ ದುಡ್ಡು ಕೊಟ್ಟರು. ಸುಮ್ನೆ ಕೈಚಾಚಿ ಪಡೆದದ್ದಲ್ಲ. ನನಗೆ ಇದೇ ಜಾಸ್ತಿ ಇಷ್ಟ. ಮಿಷನರಿಗಳ ಹೆಸರು ಎಲ್ಲರೂ ಹೇಳುತ್ತಾರೆ, ನೆಲ ಅಗೆದು ಹಿಟ್ಟು ಮಾಡಿದವರನ್ನು ನೆನೆಯುವವರು ಕಡಿಮೆ, ಅಲ್ವಾ?

ಪೂರ್ತಿ ಬೈಬಲ್ ಬಂದದ್ದು 1879ರಲ್ಲಿ. ಜಾನ್ 1872ರಲ್ಲೇ ತೀರಿಕೊಂಡಿದ್ದರು.