ಪಂಪೋ, ಸಿಲಿಂಡರೋ?
ಪಿಸಿಪಿ ಏರ್ ರೈಫಲ್ (ಟ್ಯಾಂಕಿನಲ್ಲಿ ಮೊದಲೇ ತುಂಬಿಟ್ಟ ಒತ್ತಡದ ಗಾಳಿಯಿಂದ ಗುಂಡು ಹಾರಿಸೋ ಬಂದೂಕು) ಆರಿಸೋದಕ್ಕಿಂತ ಅದಕ್ಕೆ ಗಾಳಿ ತುಂಬೋದು ಹೇಗೆ ಅನ್ನೋದೇ ದೊಡ್ಡ ತಲೆನೋವು. ರೈಫಲ್‌ನ ಟ್ಯಾಂಕ್ ಸಣ್ಣದು, 200 ಬಾರ್ ಒತ್ತಡ ಸಾಕು ಅಂದ್ರೆ ಕೈಪಂಪೇ ನಡೆಯುತ್ತೆ. ಆತುರ ಮಾತ್ರ ಬೇಡ. ನಾಲ್ಕೈದು ನಿಮಿಷ ಒತ್ತಿ, ಪಂಪಿನ ಬುಡ ಬಿಸಿಯಾಯ್ತೋ, ಆರಲು ಬಿಡಿ. ಬಿಸಿಗೆ ಮೊದಲು ಹಾಳಾಗೋದು ಒಳಗಿನ ಓ-ರಿಂಗು, ಅಂದ್ರೆ ಗಾಳಿ ಸೋರದಂತೆ ತಡೆಯೋ ರಬ್ಬರ್ ಬಳೆ.

300 ಬಾರ್‌ನ 7 ಲೀಟರ್ ಕಾರ್ಬನ್ ಫೈಬರ್ ಗಾಳಿ ಸಿಲಿಂಡರ್ ಇದ್ರೆ ಸುಖವೇ ಬೇರೆ. 300 ಸಿಸಿ ಟ್ಯಾಂಕನ್ನು 100ರಿಂದ 200 ಬಾರ್‌ಗೆ ಏರಿಸಿದರೂ ಸಿಲಿಂಡರಲ್ಲಿ ಇಳಿಯೋದು ಐದು ಬಾರ್ ಆಸುಪಾಸು. ವಾಲ್ವ್ ಕೂದಲೆಳೆಯಷ್ಟೇ ತಿರುಗಿಸಿ, ಗೇಜಿನ ಮುಳ್ಳು ನಿಧಾನಕ್ಕೆ ಏರಬೇಕು. ಕಳಚೋ ಮೊದಲು ಬ್ಲೀಡ್ ಸ್ಕ್ರೂ ಸಡಿಲಿಸಿ ಹೋಸ್‌ನ ಗಾಳಿ ಬಿಡಿ, ಇಲ್ಲಾಂದ್ರೆ ಪ್ರೋಬ್ (ರೈಫಲ್‌ಗೆ ಸಿಕ್ಕಿಸೋ ಹೋಸ್‌ನ ತುದಿ) ಜಪ್ಪಯ್ಯ ಅಂದರೂ ಬರಲ್ಲ.

ಸೀಲಿಗೆ ಸಿಲಿಕೋನ್ ಗ್ರೀಸ್ ಮಾತ್ರ. ಪೆಟ್ರೋಲಿಯಂ ಎಣ್ಣೆ ಒತ್ತಡಕ್ಕೆ ಹೊತ್ತಿಕೊಳ್ಳಬಹುದು. ಆಕ್ಸಿಜನ್ ಸಿಲಿಂಡರನ್ನಂತೂ ಹತ್ತಿರಕ್ಕೂ ತರಬೇಡಿ.